ಒಂದು ಕೇಪಿನ ಲೆಕ್ಕ

ಸಂಡೂರಿನ ಗುಡ್ಡದ ಮೇಲಿನ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಒಂಬತ್ತು ವರ್ಷ ಮ್ಯಾಗಜಿನ್ ನೋಡಿಕೊಂಡವನು ನಾನು. ಮ್ಯಾಗಜಿನ್ ಎಂದರೆ ಸ್ಫೋಟಕ ಇಡುವ ಕಟ್ಟಡ. ಹಿಂದಿನವರು ಮದ್ದಿನ ಮನೆ ಎನ್ನುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಇವೆಯಲ್ಲ, ರೈಲಿನ ಜೋಡಿ ಹಳಿಗೆ ಅಡ್ಡ ಬಂತೆಂದು ಅವುಗಳಲ್ಲಿ ಒಂದನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಅದರ ದಪ್ಪ ಗೋಡೆಗಳನ್ನು ನೋಡಿದಾಗ ನನಗೆ ಸೋದರತ್ತೆಯ ಮನೆಗೆ ಹೋದ ಹಾಗಾಗಿತ್ತು.

ಕಟ್ಟಡದ ವಿಷಯದಲ್ಲಿ ನಮ್ಮ ತಲೆ ಓಡಿಸಲು ಜಾಗವೇ ಇಲ್ಲ. 2008ರ ಸ್ಫೋಟಕ ನಿಯಮಗಳಂತೆ ಸ್ಫೋಟಕಗಳ ಮೇಲೆ ನಿಗಾ ಇಡುವ ಕೇಂದ್ರ ಸಂಸ್ಥೆ ಪೆಸೊ ನಕ್ಷೆ ಒಪ್ಪಿ, ಸ್ಫೋಟಕ ಇಡಲು ಎಲ್‌ಇ-3 ಎಂಬ ಪರವಾನಗಿ ಕೊಡುತ್ತದೆ. ಎಷ್ಟು ಕಿಲೋ ಇಡಬಹುದು ಎಂಬುದರ ಮೇಲೆ ಮನೆ, ರಸ್ತೆಗಳಿಂದ ಎಷ್ಟು ದೂರವಿರಬೇಕು ಎಂಬುದು ನಿಂತಿದೆ. ಆದ್ದರಿಂದ ‘ಒಂದೇ ಪೆಟ್ಟಿಗೆ, ಇರಲಿ ಬಿಡಿ’ ಎನ್ನುವಂತಿಲ್ಲ, ದೂರದ ಲೆಕ್ಕವೇ ಸುಳ್ಳಾಗುತ್ತದೆ. ಉಳಿದದ್ದು ದಿನದ ಪಾಠ: ಸಿಡಿಲುವಾಹಕದ ಅರ್ಥಿಂಗ್ ಪರೀಕ್ಷೆ, ಸುತ್ತಲಿನ ಒಣಹುಲ್ಲು ಸವರುವುದು, ಬೆಂಕಿಪೊಟ್ಟಣ ಮತ್ತು ಮೊಬೈಲನ್ನು ಗೇಟಿನಲ್ಲೇ ಕಾವಲುಗಾರನಿಗೆ ಒಪ್ಪಿಸುವುದು, ಒಳಗೆ ಕಬ್ಬಿಣದ ಉಪಕರಣ ತರದಿರುವುದು, ಹಳೆಯ ದಾಸ್ತಾನು ಮೊದಲು ಹೊರಹೋಗುವಂತೆ ಜೋಡಿಸುವುದು.

ಕೇಪುಗಳಿಗೆ, ಅಂದರೆ ಸ್ಫೋಟಕವನ್ನು ಸಿಡಿಸುವ ಡಿಟೊನೇಟರುಗಳಿಗೆ, ಬೇರೆಯೇ ಕೋಣೆ. ಬಂಡೆ ಒಡೆಯುವ ಮುಖ್ಯ ಸ್ಫೋಟಕವಾದ ಎಮಲ್ಷನ್ ಕಡ್ಡಿಗಳು ಮಂದ ಸ್ವಭಾವದವು (ನೈಟ್ರೊಗ್ಲಿಸರಿನ್ ಇರುವ ಹಳೆಯ ಜಿಲೆಟಿನ್ ಸರಕಿನ ತಯಾರಿಕೆ 2004ರಲ್ಲೇ ನಿಂತಿತು, ಆದರೂ ನಮ್ಮವರ ಬಾಯಲ್ಲಿ ಎಲ್ಲವೂ ಜಿಲೆಟಿನ್ನೇ). ಕೇಪು ಹಾಗಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಮುನಿದರೆ ಆ ಅಂಗೈಯನ್ನೇ ಉಳಿಸುವುದಿಲ್ಲ. ಕಳೆದುಹೋಗುವುದೂ ಅದೇ.

2021ರ ಮಳೆಗಾಲದ ಒಂದು ಸಂಜೆ. ಬೆಳಿಗ್ಗೆ ಬಂಡೆ ಸಿಡಿಸುವ ಬ್ಲಾಸ್ಟರಿಗೆ 60 ನೋನೆಲ್ ಕೇಪು (ವಿದ್ಯುತ್ ತಂತಿಯ ಬದಲು ಕೊಳವೆ ಇರುವ ಬಗೆ) ಕೊಟ್ಟೆ ಎಂದು ಪುಸ್ತಕದಲ್ಲಿ ನಾನೇ ಬರೆದಿದ್ದೆ. ಮಧ್ಯಾಹ್ನ ಮಳೆ ಹಿಡಿದು, ಬಂಡೆಯಲ್ಲಿ ಕೊರೆದ ಕೆಲವು ಕುಳಿಗಳಿಗೆ ಮದ್ದು ತುಂಬದೆ ಬಿಟ್ಟರು. ಸಿಡಿದದ್ದು 53, ಮರಳಿ ಬಂದದ್ದು ಆರು. ಒಂದು ಇಲ್ಲ. ಕೆಲಸಗಾರರ ಮೇಲ್ವಿಚಾರಕ ಮೇಟ್ ಗಡಿಯಾರ ನೋಡುತ್ತ, “ಸಾರ್, 54 ಬಳಕೆಯಾಯಿತು ಎಂದು ಬರೆದುಬಿಡಿ, ಯಾರು ಕೇಳುತ್ತಾರೆ?” ಎಂದ. ಸುಸ್ತಾದ ಮನುಷ್ಯ, ಕೆಟ್ಟವನಲ್ಲ. ನನಗೂ ಪೆನ್ನು ಹಿಡಿದ ಕೈ ಒಂದು ಕ್ಷಣ ಆ ಕಡೆಗೇ ವಾಲಿತು. ಆ ವರ್ಷ ಜನವರಿ 21ರಂದು ಶಿವಮೊಗ್ಗದ ಹುಣಸೋಡಿನಲ್ಲಿ, ಫೆಬ್ರವರಿ 23ರಂದು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ನಡೆದ ಸ್ಫೋಟಗಳು ಇನ್ನೂ ಎಲ್ಲರ ಬಾಯಲ್ಲಿದ್ದವು. ಹಿರೇನಾಗವಲ್ಲಿ ಒಂದರಲ್ಲೇ ಆರು ಮಂದಿ ಸತ್ತಿದ್ದರು. ಪುಸ್ತಕದ ಹೊರಗೆ ಉಳಿಯುವ ಮದ್ದು ಹುಟ್ಟುವುದೇ ಇಂಥ ಸಂಜೆಗಳಲ್ಲಿ ಎಂದು ನನಗನ್ನಿಸಿತ್ತು.

ವ್ಯವಸ್ಥಾಪಕರಿಗೆ ಫೋನು ಮಾಡಿದೆ. ಬ್ಲಾಸ್ಟಿಂಗ್ ನಡೆದ ಬೆಂಚಿಗೆ, ಅಂದರೆ ಗಣಿಯ ಆ ಮೆಟ್ಟಿಲಿಗೆ, ಯಾರೂ ಹೋಗದಂತೆ ಕಾವಲು ಹಾಕಿಸಿ, ಬೆಳಗಾಗುವವರೆಗೆ ಅದಿರಿನ ಲೋಡಿಂಗ್ ನಿಲ್ಲಿಸಿದರು. ಉತ್ಪಾದನೆಯ ಕಡೆಯವರ ಬೈಗುಳ ನನ್ನ ಪಾಲಿಗೆ ಬಂತು. ರಾತ್ರಿ ನಿದ್ದೆ ಬರಲಿಲ್ಲ. ಬ್ಲಾಸ್ಟರಿನ ಪೆಟ್ಟಿಗೆ, ಜೀಪು, ಕುಳಿಗಳ ಬಾಯಿ ಎಲ್ಲವನ್ನೂ ಮನಸ್ಸಿನಲ್ಲೇ ಜಾಲಾಡಿದೆ. ನನ್ನ ಕೈಯನ್ನು ಮಾತ್ರ ಅನುಮಾನಿಸಲಿಲ್ಲ.

ಬೆಳಕು ಹರಿದ ಮೇಲೆ ಬೆಂಚಿನಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹಾಕುವ ಜಾಗಕ್ಕೆ ಬಂದೆವು. ಅವನ್ನು ಅಂದೇ ಸುಡುವುದಿತ್ತು. ಹರಿದ ಪೊಟ್ಟಣವೊಂದರ ಮಡಿಕೆಯೊಳಗೆ, ಸುರುಳಿ ಸುತ್ತಿದ ಕೊಳವೆಯ ಸಮೇತ ಕೇಪು ಕುಳಿತಿತ್ತು. ಹತ್ತರ ಆರು ಪೊಟ್ಟಣ ಒಡೆದವನು ನಾನು. ಹತ್ತಾರಲೆ ಅರವತ್ತು ಎಂದು ಬರೆದೆ, ಕೈಗಿತ್ತದ್ದನ್ನು ಎಣಿಸಲೇ ಇಲ್ಲ. ಬ್ಲಾಸ್ಟರ್ ನನ್ನನ್ನು ನಂಬಿ ಸಹಿ ಹಾಕಿದ್ದ. ಕಾಲಲ್ಲಿ ಬಲವಿಲ್ಲದೆ ಅಲ್ಲೇ ಕುಳಿತೆ.

ಅಂದಿನಿಂದ ಕೊಡುವವನು ಒಮ್ಮೆ, ತೆಗೆದುಕೊಳ್ಳುವವನು ಒಮ್ಮೆ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಎಣಿಸಿ ಆಮೇಲೆ ತಾಳೆ ನೋಡುತ್ತೇವೆ. ಖಾಲಿ ಪೊಟ್ಟಣವನ್ನು ಒಳಮಗ್ಗುಲು ಹೊರಳಿಸಿ, ಪೆಟ್ಟಿಗೆಯನ್ನು ಬಿಚ್ಚಿ ಚಪ್ಪಟೆ ಮಾಡಿದ ಮೇಲೆಯೇ ಹೊರಗೆ. ನಿಯಮದಲ್ಲಿ ಇಷ್ಟು ವಿವರ ಬರೆದಿಲ್ಲ, ನಾವೇ ಹಾಕಿಕೊಂಡದ್ದು. ಆ ಪುಟದಲ್ಲಿ 60ಕ್ಕೆ ಗೆರೆ ಎಳೆದು 59 ಎಂದು ಬರೆದು, ಪಕ್ಕದಲ್ಲಿ ನನ್ನ ತಪ್ಪನ್ನೂ ಬರೆದು ಸಹಿ ಹಾಕಿದೆ. ಮುಂದೆ ತಪಾಸಣೆಗೆ ಬಂದ ಅಧಿಕಾರಿ ಬಹಳ ಹೊತ್ತು ನೋಡಿದ್ದು ಅದೇ ಪುಟವನ್ನು. ಏನೂ ಕೇಳಲಿಲ್ಲ. ಪುಸ್ತಕ ಮುಚ್ಚಿ, “ಬನ್ನಿ, ಕೇಪು ಎಣಿಸೋಣ” ಎಂದು ಎದ್ದರು.