ಕಾಂಪೌಂಡಿಗೆ ಅಂಟಿ ಬೆಳೆದ ಐದೆಲೆಯ ಗಿಡ

ಕಲಬುರಗಿಯ ಎರಿ ನೆಲ, ಅಂದರೆ ಕಪ್ಪು ಮಣ್ಣಿನದು. ಯಾರೂ ಹಚ್ಚದ ಗಿಡವೊಂದು ಕಾಂಪೌಂಡ್ ಗೋಡೆಯಿಂದ ಒಂದೂವರೆ ಅಡಿ ಈಚೆ ಎದೆಯೆತ್ತರ ಬೆಳೆದಿತ್ತು. ಹೂವಿಲ್ಲ, ಕಾಯಿಲ್ಲ, ಅಂಗೈ ಬಿಚ್ಚಿದ ಹಾಗೆ ಐದೈದು ಬೆರಳಿನ ಎಲೆ. ನೋಡಿದವರ ಮಾತು ಒಂದೇ: “ಗಾಂಜಾ ಇದ್ದಂಗ ಅದಲ್ರಿ!”

ಗುರುತಿಲ್ಲದ ಗಿಡದಲ್ಲಿ ನಾನು ಮೊದಲು ನೋಡುವುದು ಹಾಲು. ಎಲೆಯ ತೊಟ್ಟನ್ನು ಮುಖದಿಂದ ದೂರ ಹಿಡಿದು ಮುರಿಯಬೇಕು. ಬಿಳಿ ಹಾಲು ಒಸರಿದರೆ ಎಕ್ಕ, ಕಳ್ಳಿ, ಹಳದಿ ಕಣಗಿಲೆಯಂಥದ್ದೇನೋ ಇರಬಹುದು; ಆ ಕೈ ಕಣ್ಣಿಗೆ ತಾಗಬಾರದು. ಹಾಲಿಲ್ಲವೆಂದರೆ ವಿಷವಿಲ್ಲ ಎಂದೇನಲ್ಲ. ಔಡಲದಲ್ಲಿ ಹಾಲಿಲ್ಲ, ಆದರೆ ಅದರ ಬೀಜ ಎಂಥ ವಿಷವೆಂದು ಎಲ್ಲರಿಗೂ ಗೊತ್ತು. ಹಾಗಾಗಿ ರುಚಿ ನೋಡಿ ಗುರುತಿಸುವ ಚಟ ಬೇಡವೇ ಬೇಡ.

ಈ ಗಿಡದಲ್ಲಿ ಹಾಲು ಬರಲಿಲ್ಲ. ಒಂದು ಗೇಣುದ್ದ ಟೊಂಗಿ ಕತ್ತರಿಸಿಕೊಂಡೆ. ಬರೀ ಎಲೆ ಕಿತ್ತುಕೊಂಡರೆ ಅರ್ಧ ಸಾಕ್ಷಿ ಗಿಡದ ಮೇಲೇ ಉಳಿಯುತ್ತದೆ. ಮೊಬೈಲ್ ಆ್ಯಪ್‌ಗೆ ಬರೀ ಎಲೆಯ ಫೋಟೊ ತೋರಿಸಿದರೆ ಅದು ತಪ್ಪುವುದೂ ಇಲ್ಲಿಯೇ. ಟೊಂಗಿಯಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಇದ್ದವು. ಎಳೆಯ ತುದಿಯನ್ನು ಎರಡು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ಸಿಕ್ಕವು, ತುಳಸಿ ಕಡ್ಡಿಯ ಹಾಗೆ. ಎಲೆಯ ಮೇಲುಮೈ ಹಸಿರು, ಅಡಿಮೈ ಬೂದಿ ಸವರಿದಂತೆ ಬಿಳಿಚು. ತಿಕ್ಕಿದರೆ ಘಾಟು ವಾಸನೆ.

ಇಷ್ಟಾದ ಮೇಲೆ ಇದು ಲಕ್ಕಿ ಗಿಡ ಎನ್ನಲು ಅಡ್ಡಿಯಿಲ್ಲ. ಗಾಂಜಾದ ಎಲೆಯಲ್ಲಿ ಬೆರಳುಗಳೆಲ್ಲ ತೊಟ್ಟಿಲ್ಲದೆ ಒಂದೇ ಬಿಂದುವಿಗೆ ಕೂಡುತ್ತವೆ, ಅಂಚಿನುದ್ದಕ್ಕೂ ಗರಗಸದ ಹಲ್ಲು, ತುದಿಯ ಕಡೆಗೆ ಎಲೆಗಳ ಜೋಡಿ ತಪ್ಪುತ್ತದೆ. ಅದು ವರ್ಷದೊಳಗೆ ಮುಗಿಯುವ ಗಿಡ, ಕಟ್ಟಿಗೆ ಬಲಿಯುವುದಿಲ್ಲ. ಲಕ್ಕಿಯಲ್ಲಿ ನಡುವಿನ ಬೆರಳಿಗೆ ಸಣ್ಣ ತೊಟ್ಟು ಇರುತ್ತದೆ, ಬುಡದಲ್ಲಿ ಕಂದು ತೊಗಟೆ. ಆದರೆ ಲಕ್ಕಿಯಲ್ಲೂ ಕೆಲವಕ್ಕೆ ಹಲ್ಲಂಚು ಇರುವುದುಂಟು, ಆದ್ದರಿಂದ ಅಂಚೊಂದನ್ನೇ ನಂಬಬಾರದು. ಬೂರುಗದ ಸಸಿಗೂ ಐದು ಬೆರಳಿನ ಎಲೆಯೇ. ಅದರಲ್ಲಿ ಎಲೆಗಳು ಒಂದೊಂದಾಗಿ ಬರುತ್ತವೆ, ಕಾಂಡದ ಮೇಲೆ ಮುಳ್ಳು. ಲಕ್ಕಿಗೆ ಮಳೆಗಾಲದಲ್ಲಿ ತುದಿಗೆ ನೀಲಿ-ನೇರಳೆಯ ಸಣ್ಣ ಹೂಗೊಂಚಲು, ಆಮೇಲೆ ಮೆಣಸಿನಕಾಳಿನಂಥ ಕಪ್ಪು ಕಾಯಿ ಬಂದರೆ ಉಳಿದ ಅನುಮಾನವೂ ಹೋಗುತ್ತದೆ. ನರ್ಸರಿಯಲ್ಲಿ ಕೇಳುವುದಾದರೆ ನಿರ್ಗುಂಡಿ ಎನ್ನಿ, ತೆಲುಗಿನವರಿಗೆ ವಾವಿಲಿ, ದಖ್ಖನಿಯಲ್ಲಿ ಸಂಭಾಲು. ಶಾಸ್ತ್ರದ ಹೆಸರು ವಿಟೆಕ್ಸ್ ನೆಗುಂಡೊ.

ಹೆಸರು ಸಿಕ್ಕಿತೆಂದು ಇಡುವುದೋ ಕೀಳುವುದೋ ತೀರ್ಮಾನವಾಗುವುದಿಲ್ಲ. ಗಿಡ ಒಳ್ಳೆಯದೇ: ಆಡು ಬಾಯಿ ಹಾಕುವುದು ಕಡಿಮೆ, ಬೇಲಿಗೆ ಆಗುತ್ತದೆ, ಜೇನು ಬರುತ್ತದೆ, ಬಿಸಿಲು ತಡೆಯುತ್ತದೆ. ಕೆಟ್ಟದ್ದು ಅದು ನಿಂತ ಜಾಗ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಗೋಡೆಯ ಒಂದೇ ಮಗ್ಗುಲಿನ ತೇವವನ್ನು ಬೇರು ಹೀರಿದರೆ ನೆಲ ಆ ಕಡೆ ಹೆಚ್ಚು ಕುಸಿಯುತ್ತದೆ, ಗೋಡೆ ಬಿರಿಯುತ್ತದೆ ಇಲ್ಲವೇ ವಾಲುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲವಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಇಲ್ಲಿ ನನ್ನ ಲೆಕ್ಕ ಸರಳ: ಗಿಡವನ್ನು ಎಷ್ಟೆತ್ತರ ಇಡುತ್ತೇನೋ ಗೋಡೆಯಿಂದ ಅಷ್ಟು ದೂರ. ಲಕ್ಕಿಯನ್ನು ಸವರಿ ಆರಡಿಗೆ ನಿಲ್ಲಿಸುತ್ತೇನೆ, ಹಾಗಾಗಿ ಆರಡಿ. ದೊಡ್ಡ ಗಿಡವನ್ನೇ ಎತ್ತಿ ನೆಡಲು ಹೋಗಲಿಲ್ಲ, ತುಂಡಿನಿಂದ ಹೊಸದು ಮಾಡುವುದೇ ಸುಲಭ.

ಮಿರಗ (ಮೃಗಶಿರಾ) ಮಳೆ ಬಿದ್ದ ಮೇಲೆ ಹಿಂದಿನ ವರ್ಷದ ಬಲಿತ ಟೊಂಗಿಯಿಂದ ಹೆಬ್ಬೆರಳ ದಪ್ಪದ, ಒಂದು ಗೇಣಿನ 12 ತುಂಡು ತೆಗೆದೆ. ಕೆಳತುದಿಗೆ ಗಿಣ್ಣಿನ ಸ್ವಲ್ಪ ಕೆಳಗೆ ಓರೆ ಕೊಯ್ತ, ಮೇಲ್ತುದಿಗೆ ನೇರ ಕೊಯ್ತ. ತಲೆಕೆಳಗಾಗದಿರಲು ಇದೇ ಗುರುತು. ಎಲೆಗಳನ್ನೆಲ್ಲ ತೆಗೆದು ಎರಡು ಗಿಣ್ಣು ಮಣ್ಣೊಳಗೆ, ಎರಡು ಹೊರಗೆ. ಚೀಲಕ್ಕೆ ಎರಿ ಮಣ್ಣು, ಉಸುಕು, ಕಳಿತ ತಿಪ್ಪೆಗೊಬ್ಬರ ಸಮಪಾಲು. ಮೂರು ಚೀಲಕ್ಕೆ ಉಸುಕು ಸಾಲದೆ ಬರೀ ಎರಿ ತುಂಬಿದ್ದೆ. ನೀರು ನಿಂತು ಆ ಮೂರೂ ಕಪ್ಪಾಗಿ ಕೊಳೆತವು. ಉಳಿದವನ್ನು ಬೇವಿನ ನೆರಳಲ್ಲಿಟ್ಟಿದ್ದೆ, ಚಿಗುರಿದವು. ಚಿಗುರು ಕಂಡ ಕೂಡಲೇ ಕಿತ್ತು ನೆಡಬೇಡಿ. ತುಂಡಿನಲ್ಲಿ ಉಳಿದ ಸತ್ವದಿಂದಲೇ ಚಿಗುರು ಒಡೆಯುತ್ತದೆ, ಬೇರು ಆಮೇಲೆ. ಚೀಲದ ತೂತಿನಲ್ಲಿ ಬೇರು ಇಣುಕುವ ತನಕ ಕಾಯಬೇಕು. ಬೇಲಿಗಾದರೆ ಎರಡಡಿಗೊಂದು.

ಹಳೆಯದನ್ನು ಕಡಿದುಬಿಟ್ಟರೆ ಸಾಲದು, ಬೊಡ್ಡೆ ಮತ್ತೆ ಚಿಗುರುತ್ತದೆ, ಬೇರಿನಿಂದಲೂ ಮರಿ ಏಳುತ್ತದೆ. ಮೇ ತಿಂಗಳಲ್ಲಿ ಎರಿ ನೆಲಕ್ಕೆ ಹಾರೆ ಹಾಕಿದರೆ ಫರಸಿ ಕಲ್ಲಿನ ಮೇಲೆ ಹಾಕಿದಂತೆ; ಮಳೆಯ ಮರುದಿನ ಸಲಿಕೆಗೆ ಮಣ್ಣೇ ಮೆತ್ತಿಕೊಳ್ಳುತ್ತದೆ. ಮಳೆ ನಿಂತು ಮೂರ್ನಾಲ್ಕು ದಿನ ಬಿಟ್ಟು, ಹದ ನೋಡಿ, ಸುತ್ತ ಎರಡಡಿ ಅಗೆದು ಅಡ್ಡ ಬೇರುಗಳ ಸಮೇತ ತೆಗೆದೆ. ಗುಂಡಿಗೆ ಅದೇ ಮಣ್ಣನ್ನು ಅರ್ಧರ್ಧ ಅಡಿಯಾಗಿ ತುಂಬಿ ತುಳಿದು ಗಟ್ಟಿ ಮಾಡಬೇಕು, ಇಲ್ಲದಿದ್ದರೆ ಗೋಡೆ ಬುಡದಲ್ಲಿ ನೀರು ಮಡುಗಟ್ಟುತ್ತದೆ.

ಕಡಿದ ಸೊಪ್ಪನ್ನು ಚೆಲ್ಲಲಿಲ್ಲ. ನೆರಳಲ್ಲಿ ಗರಿಗರಿ ಒಣಗಿಸಿ ತೊಗರಿ ಡಬ್ಬಿಯಲ್ಲಿ ಪದರ ಪದರವಾಗಿ ಹಾಕಿದೆ, ಹುಳಕ್ಕೆಂದು ಹಳಬರು ಮಾಡುತ್ತಿದ್ದ ಹಾಗೆ. ಬಿಸಿಲಿಗೆ ಹಾಕಿದರೆ ಘಾಟು ಹಾರಿಹೋಗುತ್ತದೆ, ಹಸಿ ಉಳಿದರೆ ಕಾಳಿಗೇ ಬೂಷ್ಟು.