ಒಂದು ವರ್ಷ ಇರ್ತೀರಾ?

ಕೆಜಿಎಫ್‌ನಲ್ಲಿ ಬೆಳಗಿನ ರೈಲು ಹೊರಟುಬಿಟ್ಟರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ನಮ್ಮ ಲೈನ್ ಮನೆಗಳಲ್ಲಿ, ದುಡಿಯುವ ವಯಸ್ಸಿನ ಗಂಡಸರು ಕಾಣುವುದು ಕಡಿಮೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂನಲ್ಲಿ ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ದುಡಿದು ವಾಪಸ್ ಮನೆ ಸೇರುವಾಗ ರಾತ್ರಿ ಒಂಬತ್ತೋ ಹತ್ತೋ. 2001ರ ಫೆಬ್ರುವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಊರು ಬದುಕಿರುವುದೇ ಆ ರೈಲಿನಿಂದ. ನಾನೂ ಹದಿನೇಳು ವರ್ಷ ಅದರಲ್ಲಿ ಓಡಾಡಿದೆ. ನನ್ನ ಮಗ ಏಳನೇ ಕ್ಲಾಸಿನಿಂದ ಹತ್ತಕ್ಕೆ ಬಂದದ್ದನ್ನು ನಾನು ನೋಡಿದ್ದು ಭಾನುವಾರಗಳಲ್ಲಿ ಮಾತ್ರ. ಅವನು ಕೆಡಲಿಲ್ಲ. ಆ ಪುಣ್ಯ ನನ್ನದಲ್ಲ. ಪಕ್ಕದ ಲೈನಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಸಂಜೆ ಐದಾದರೆ ಅವನನ್ನು ಹೆಸರು ಹಿಡಿದು ಕೂಗುತ್ತಿದ್ದರು. ಅವರು ಮಾಡಿದ್ದು ಅಷ್ಟೇ, ಆದರೆ ಒಂದು ದಿನವೂ ಬಿಡಲಿಲ್ಲ.

ಕೆಲಸ ಬಿಟ್ಟು ಊರಲ್ಲೇ ಉಳಿದ ಮೇಲೆ, ಕೂಗುವವರಿಲ್ಲದ ಹುಡುಗರು ಕಣ್ಣಿಗೆ ಬೀಳತೊಡಗಿದರು. ಸ್ಕೂಲು ಬಿಟ್ಟವರು, ಪಂಕ್ಚರ್ ಸೊಲ್ಯೂಷನ್ ಬಟ್ಟೆಗೆ ಹಚ್ಚಿ ಮೂಸುವವರು, ಮುಚ್ಚಿದ ಶಾಫ್ಟ್‌ಗಳ ಸುತ್ತ ಕಬ್ಬಿಣ, ತಾಮ್ರ ಕಿತ್ತು ಗುಜರಿಗೆ ಹಾಕುವವರು. ಅದೇ ಊರಿನಲ್ಲಿ ಕಾಲ್ನಡಿಗೆಯ ದೂರದಲ್ಲಿ ಎಷ್ಟೊಂದು ಚರ್ಚುಗಳು! ಕ್ಯಾಥೊಲಿಕ್, ಸಿಎಸ್ಐ, ಮೆಥಡಿಸ್ಟ್, ಲುಥೆರನ್, ಮನೆಯ ಮಹಡಿಯ ಮೇಲೆ ಶೀಟ್ ಹಾಕಿ ನಡೆಸುವ ಪೆಂಟೆಕೋಸ್ಟ್ ಸಭೆಗಳು. ಭಾನುವಾರ ಅಲ್ಲಿ ಕೂರುವ ಜನರಲ್ಲಿ ಹತ್ತಕ್ಕೊಬ್ಬರು ಇಂಥ ಒಬ್ಬೊಬ್ಬ ಹುಡುಗನಿಗೆ ಆಸರೆಯಾಗಿ ಎದ್ದು ನಿಂತರೂ ಸಾಕಲ್ಲ ಅನ್ನಿಸಿತು.

ಮೊದಲ ಪ್ರಯತ್ನ ದೊಡ್ಡದಾಗಿತ್ತು, ಪೊಳ್ಳಾಗಿತ್ತು. ಏಳು ಸಭೆಗಳನ್ನು ಸೇರಿಸಿ ಯುವಜನರ ದಿನ ಅಂತ ಮಾಡಿದೆವು. ಶಾಮಿಯಾನ, ಕೀಬೋರ್ಡು, ಬಿರಿಯಾನಿ. ಪಾಸ್ಟರುಗಳೆಲ್ಲ ವೇದಿಕೆಯ ಮೇಲೆ, ಹುಡುಗರೆಲ್ಲ ಹಿಂದಿನ ಸಾಲಿನಲ್ಲಿ. ಊಟ ಮುಗಿಯಿತು, ಹೋದರು. ಸೋಮವಾರ ಅದೇ ಹುಡುಗರು ಅದೇ ಮೋರಿ ಕಟ್ಟೆಯ ಮೇಲಿದ್ದರು.

ಎರಡನೆಯ ಪ್ರಯತ್ನದ್ದು ಇನ್ನೂ ದೊಡ್ಡ ತಪ್ಪು, ಮತ್ತು ಅದು ನನ್ನದೇ. ಯೂತ್ ಫೆಲೋಶಿಪ್‌ನ ಕಾಲೇಜು ಹುಡುಗರನ್ನು ಜೋಡಿಸಿಕೊಂಡು, ಒಬ್ಬೊಬ್ಬ ಅಣ್ಣನಿಗೆ ಇಂಥ ಒಬ್ಬೊಬ್ಬ ಹುಡುಗನನ್ನು ತಮ್ಮನಾಗಿ ಒಪ್ಪಿಸಿದೆ. ಶನಿವಾರ ಸಂಜೆ ಒಂದು ಗಂಟೆ, ಪಾಠ, ಆಟ, ಮಾತು. ಉತ್ಸಾಹ ಹೇಳತೀರದು. ಎರಡು ತಿಂಗಳಾಗುವಷ್ಟರಲ್ಲಿ ಒಬ್ಬನಿಗೆ ಸೆಮಿಸ್ಟರ್ ಪರೀಕ್ಷೆ, ಇನ್ನೊಬ್ಬನಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು, ಮತ್ತೊಬ್ಬ ಬೆಂಗಳೂರಿನಲ್ಲಿ ಪಿಜಿ ಹಿಡಿದ. ಯಾರದೂ ತಪ್ಪಲ್ಲ, ಆ ವಯಸ್ಸೇ ಊರು ಬಿಡುವ ವಯಸ್ಸು. ಆದರೆ ಒಂದು ಶನಿವಾರ ನಾನು ಚರ್ಚಿನ ಗೇಟು ಮುಚ್ಚಲು ಹೋದಾಗ, ಹದಿಮೂರರ ಹುಡುಗನೊಬ್ಬ ತಲೆಗೆ ನೀರು ಹಚ್ಚಿ ಬಾಚಿಕೊಂಡು, ಗಣಿತದ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. "ಅಣ್ಣ ಬರ್ಲಿಲ್ವಾ ಸಾರ್?" ಅಂದ. ಕತ್ತಲಾಗಿತ್ತು. ಅವನ ಅಣ್ಣ ಊರು ಬಿಟ್ಟು ಎರಡು ವಾರವಾಗಿತ್ತು, ಅವನಿಗೆ ಹೇಳಿದವರೇ ಇಲ್ಲ. ಮುಂದಿನ ಶನಿವಾರ ಅವನು ಬರಲಿಲ್ಲ. ಮನೆಗೆ ಹೋದೆ, ಹಿಂದಿನ ಬಾಗಿಲಿಂದ ಹೊರಟುಹೋದ. ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ.

ಈ ಕೆಲಸವನ್ನು ಬೇರೆ ಕಡೆ ಹೇಗೆ ಮಾಡಿದ್ದಾರೆ ಅಂತ ಓದಲು ಕೂತದ್ದು ಆಮೇಲೆ. ಮೊದಲೇ ಓದಬೇಕಿತ್ತು. ಅಮೆರಿಕದ ಜೀನ್ ಗ್ರಾಸ್‌ಮನ್, ಜೀನ್ ರೋಡ್ಸ್ ಎಂಬ ಸಂಶೋಧಕಿಯರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೀಗೆ ಒಬ್ಬ ದೊಡ್ಡವರನ್ನು ಒಂದು ಮಗುವಿಗೆ ಜೋಡಿಸಿದಲ್ಲಿ, ಒಂದು ವರ್ಷ ಅಥವಾ ಹೆಚ್ಚು ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಒಳ್ಳೆಯದಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ಬೆಲೆಯೇ ಕುಸಿದಿತ್ತು. ಓದುತ್ತಿದ್ದಾಗ ಆ ಪ್ಲಾಸ್ಟಿಕ್ ಕವರು ಕಣ್ಣ ಮುಂದೆ ಬಂತು. ಫಿಲಡೆಲ್ಫಿಯಾದಲ್ಲಿ ವಿಲ್ಸನ್ ಗುಡ್ ಎಂಬ ಮಾಜಿ ಮೇಯರ್, ಜೈಲಿಗೆ ಹೋದವರ ಮಕ್ಕಳಿಗಾಗಿ ಚರ್ಚುಗಳನ್ನು ಎಬ್ಬಿಸಿದ 'ಅಮಾಚಿ' ಎಂಬ ಕಾರ್ಯಕ್ರಮದ ಬಗ್ಗೆಯೂ ಓದಿದೆ. ಅವರ ತಂದೆಯೇ ಜೈಲಿಗೆ ಹೋಗಿದ್ದವರು. ಅವರು ಒಂದೊಂದು ಚರ್ಚಿನಿಂದ ಕೇಳಿದ್ದು ಹತ್ತು ಜನರನ್ನು, ವಾರಕ್ಕೊಂದು ಗಂಟೆ, ಕಡೇಪಕ್ಷ ಒಂದು ವರ್ಷ. ಹಣ ಕೇಳಲಿಲ್ಲ, ಕಟ್ಟಡ ಕೇಳಲಿಲ್ಲ.

ನಮ್ಮ ಸಭೆಗಳು ಚಿಕ್ಕವು. ನಾನು ಐದೇ ಜನರನ್ನು ಕೇಳಿದೆ. ಆರಾಧನೆ ಮುಗಿದ ಮೇಲೆ ಐದು ನಿಮಿಷ ಮಾತಾಡಲು ಬಿಡಿ ಅಂತ ಕೇಳಿಕೊಂಡು, ಒಂದೇ ಪ್ರಶ್ನೆ ಇಡುತ್ತಿದ್ದೆ: "ಒಂದು ವರ್ಷ ಈ ಊರಲ್ಲೇ ಇರ್ತೀರಾ?" ಕೈ ಎತ್ತಿದವರನ್ನು ತಕ್ಷಣ ಸೇರಿಸಿಕೊಳ್ಳುತ್ತಿರಲಿಲ್ಲ. ಒಂದು ತಿಂಗಳು ಕಾಯಿಸುತ್ತಿದ್ದೆ. ಆ ತಿಂಗಳಲ್ಲಿ ಅರ್ಧ ಜನ ಉದುರಿಹೋಗುತ್ತಿದ್ದರು, ಹೋಗಬೇಕಾದದ್ದೇ. ಉಳಿದವರು ಯಾರು ಗೊತ್ತೇ? ಚುರುಕಾಗಿ ಮಾತಾಡುವವರಲ್ಲ. ಟೈಲರ್, ಗಣಿಯಿಂದ ನಿವೃತ್ತರಾದವರು, ಮಹಿಳಾ ಸಂಘದ ಅಮ್ಮಂದಿರು, ನರ್ಸ್ ಕೆಲಸದಿಂದ ನಿವೃತ್ತರಾದ ಒಬ್ಬರು. ಮೆಂಟರ್ ಅನ್ನುವ ಪದ ಯಾರ ನಾಲಿಗೆಗೂ ಹತ್ತಲಿಲ್ಲ. ಅಣ್ಣ, ಅಕ್ಕ, ಅರವತ್ತು ದಾಟಿದವರಾದರೆ ತಾತ.

ಸಭಾಪಾಲಕರನ್ನು ಒಪ್ಪಿಸುವುದು ಹುಡುಗರನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. "ನಮ್ಮ ಕುರಿಗಳನ್ನ ಆ ಸಭೆಯವರು ಎಳ್ಕೊಂಡ್ರೆ?" ಅಂತ ಒಬ್ಬರು ನೇರವಾಗಿಯೇ ಕೇಳಿದರು. ಇನ್ನೊಬ್ಬರ ಪ್ರಶ್ನೆ ಬೇರೆ: "ದೇವರ ವಾಕ್ಯ ಹೇಳೋ ಹಾಗಿಲ್ಲ ಅಂದ್ರೆ ಚರ್ಚ್ ಯಾಕೆ ಬೇಕು ಬ್ರದರ್?" ನಾನು ಸುತ್ತಿ ಬಳಸಿ ಹೇಳಲಿಲ್ಲ. ನಮ್ಮ ಹತ್ತಿರ ಬರುವ ಹುಡುಗರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಬೈಬಲ್ ಪಾಠವಿಲ್ಲ, ಕರಪತ್ರವಿಲ್ಲ, ಭಾನುವಾರ ಬಾ ಅನ್ನುವಂತಿಲ್ಲ. ಇದು 2022ರ ಮತಾಂತರ ನಿಷೇಧ ಕಾನೂನಿಗೆ ಹೆದರಿ ಮಾಡಿದ ನಿಯಮವಲ್ಲ. ಹಸಿದವನಿಗೆ ಅನ್ನ ಹಾಕಿ ಎಲೆಯ ಕೆಳಗೆ ಕರಾರುಪತ್ರ ಇಡಬಾರದು ಎಂದು ನಾನು ನಂಬುತ್ತೇನೆ. ನಮ್ಮ ಕರ್ತನು ಗುಣಪಡಿಸಿದ ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ, ಉಳಿದ ಒಂಬತ್ತು ಜನರ ಗುಣ ವಾಪಸ್ ಕಿತ್ತುಕೊಳ್ಳಲಿಲ್ಲವಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರು ಜನರನ್ನು ಕೊಟ್ಟರು. ಆದರೂ ಒಬ್ಬ ತಾಯಿ ಬಾಗಿಲಲ್ಲೇ ನಿಲ್ಲಿಸಿ, "ನನ್ನ ಮಗನ ಹೆಸರು ಬದಲಾಯಿಸ್ತೀರಾ?" ಅಂತ ಕೇಳಿದರು. ನಿಯಮಗಳನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆಸಿ, ಸಭಾಪಾಲಕರ ಸಹಿ ಹಾಕಿಸಿ ಅವರ ಕೈಗೆ ಕೊಟ್ಟೆವು. ಅದನ್ನು ಅವರು ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಾರೆ.

ರಕ್ಷಣೆಯ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಬಾರದು. ಎಲ್ಲರಿಗೂ ಪೊಲೀಸ್ ವೆರಿಫಿಕೇಷನ್, ಪಾಸ್ಟರ ಮಗನಿಗೂ. ಭೇಟಿ ತೆರೆದ ಜಗಲಿಯಲ್ಲಿ, ನಾಲ್ಕು ಜನರ ಕಣ್ಣೆದುರು, ಮನೆಗೆ ಕರೆದೊಯ್ಯುವಂತಿಲ್ಲ. ಹೆಣ್ಣುಮಕ್ಕಳ ಜೊತೆ ಅಕ್ಕಂದಿರು ಮಾತ್ರ. ಮಕ್ಕಳ ಸಹಾಯವಾಣಿ 1098 ಪ್ರತಿ ಮಗುವಿನ ನೋಟ್‌ಬುಕ್ಕಿನ ಹಿಂಬದಿಯಲ್ಲಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಸಭೆಯೊಳಗೆ ರಾಜಿ ಪಂಚಾಯ್ತಿ ಇಲ್ಲ. ಪೋಕ್ಸೊ ಕಾಯ್ದೆಯಡಿ ದೂರು ಕೊಡುವುದು ಕರ್ತವ್ಯ, ಮುಚ್ಚಿಡುವುದು ಅಪರಾಧ ಎಂದು ಮೊದಲ ದಿನವೇ ಹೇಳುತ್ತೇವೆ. ಇದನ್ನು ಕೇಳಿ ಹಿಂದೆ ಸರಿದ ಸಭೆಯೂ ಇದೆ. ಸರಿಯಲಿ.

ಒಂದು ಜೋಡಿಯ ವಿಷಯ ಹೇಳಲೇಬೇಕು. ತಾತ ಗಣಿಯಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದವರು, ಜನರನ್ನು ಕೇಜಿನಲ್ಲಿ ಇಳಿಸಿ ಹತ್ತಿಸುವ ಯಂತ್ರದವರು. ಹುಡುಗನಿಗೆ ಹದಿನಾರು. ಮೊದಲ ಆರು ಶನಿವಾರ ಹುಡುಗ ಬಾಯಿ ಬಿಡಲಿಲ್ಲ. ತಾತನೂ ಕೆದಕಲಿಲ್ಲ. ಹುಡುಗನ ಉಗುರಿನ ಸಂದಿಯಲ್ಲಿ ಮಸಿ, ಬೆರಳ ತುದಿಯಲ್ಲಿ ಸುಟ್ಟ ಗುಳ್ಳೆ. ವೈರು ಸುಟ್ಟು ತಾಮ್ರ ತೆಗೆಯುವವರ ಕೈ ಹಾಗಿರುತ್ತದೆ, ತಾತನಿಗೆ ಗೊತ್ತು. ಏಳನೇ ಶನಿವಾರ ಅವರು ಸುಟ್ಟುಹೋದ ನೀರಿನ ಮೋಟರೊಂದನ್ನು ಗೋಣಿಚೀಲದಲ್ಲಿ ಹೊತ್ತು ತಂದು, "ನನ್ನ ಕಣ್ಣು ಮಂಜು ಕಣೋ, ಸುತ್ತು ನೀನು ಎಣಿಸು" ಅಂದರು. ಹುಡುಗ ಒಂದೊಂದೇ ಸುತ್ತು ಎಣಿಸುತ್ತ ಹೊಸ ತಾಮ್ರದ ತಂತಿ ಸುತ್ತಿದ. ಎಣಿಕೆ ತಪ್ಪಿತು. ಬಿಚ್ಚಿ ಮತ್ತೆ ಸುತ್ತಿದ. ಆ ದಿನ ಒಂದು ಗಂಟೆಯ ಭೇಟಿ ಮೂರು ಗಂಟೆಯಾಯಿತು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನಾಲ್ಕು ತಿಂಗಳ ನಂತರ ಅದೇ ಹುಡುಗ ಕೇಬಲ್ ಕಳವಿನಲ್ಲಿ ಸಿಕ್ಕಿಬಿದ್ದ. ಹದಿನೆಂಟು ತುಂಬದವನಾದ್ದರಿಂದ ವಿಚಾರಣೆ ಕೋಲಾರದ ಬಾಲ ನ್ಯಾಯ ಮಂಡಳಿಯಲ್ಲಿ. ಅಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಮಗುವಿನ ಮನೆ, ಓದು, ಸಹವಾಸದ ಬಗ್ಗೆ ಪರಿವೀಕ್ಷಣಾಧಿಕಾರಿ ವರದಿ ಕೊಡುತ್ತಾರೆ. ಅಪ್ಪ ಒಂದು ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆ, ಎರಡು ದಿನ ಹಾಕಿದರೆ ಕೆಲಸವೇ. ತಾಯಿಯ ಜೊತೆ ತಾತ ಬಸ್ಸಿನಲ್ಲಿ ಪ್ರತಿ ಸಲ ಹೋದರು. ಅಧಿಕಾರಿ "ಇವನಿಗೆ ದಿಕ್ಕು ಅಂತ ಯಾರಿದ್ದಾರೆ?" ಎಂದಾಗ ಶನಿವಾರಗಳ ತಾರೀಖು ಬರೆದ ಪುಸ್ತಕವನ್ನು ಮುಂದಿಟ್ಟರು. ಬುದ್ಧಿಮಾತು ಹೇಳಿ, ಆಪ್ತಸಮಾಲೋಚನೆಗೆ ಸೂಚಿಸಿ ಹುಡುಗನನ್ನು ಮನೆಗೆ ಕಳಿಸಿದರು.

"ಮೋಸ ಮಾಡ್ದ ಅನ್ನಿಸಲಿಲ್ವಾ ತಾತ?" ಅಂತ ನಾನು ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. "ಕೆಳಗೆ ಜನ ಇರೋವಾಗ ಡ್ರೈವರ್ ಸೀಟು ಬಿಟ್ಟು ಏಳೋ ಹಾಗಿಲ್ಲಪ್ಪ" ಅಂದರು.

ಹುಡುಗ ಈಗ ಎಸ್ಸೆಸ್ಸೆಲ್ಸಿಯಲ್ಲಿ ಬಾಕಿ ಉಳಿದ ಗಣಿತ ಮತ್ತು ಕನ್ನಡ ಕಟ್ಟಿದ್ದಾನೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದದ್ದು ಇಂಥವರಿಗೆ ದೊಡ್ಡ ಆಸರೆ. ಮನೆಮಾತು ತಮಿಳಾದ್ದರಿಂದ ಕನ್ನಡವೇ ಕಷ್ಟ. ಆ ನರ್ಸ್ ಅಕ್ಕ ಒತ್ತಕ್ಷರ ತಿದ್ದಿಸುತ್ತಿದ್ದಾರೆ.

ಈಗ ನನ್ನ ಪಟ್ಟಿಯಲ್ಲಿ ಇನ್ನಿಬ್ಬರು ಹುಡುಗರ ಹೆಸರಿದೆ, ಅಣ್ಣಂದಿರಿಲ್ಲ. ಟೈಲರ್ ಒಬ್ಬರು ಕೈ ಎತ್ತಿದ್ದಾರೆ, ಆದರೆ ಹೊಸೂರಿಗೆ ಮನೆ ಬದಲಾಯಿಸುವ ಮಾತು ನಡೆಯುತ್ತಿದೆಯಂತೆ. ಅವರ ಮನೆಯಲ್ಲಿ ತೀರ್ಮಾನವಾಗುವವರೆಗೆ ಆ ಹುಡುಗರಿಗೆ ನಾನು ಏನೂ ಹೇಳುವುದಿಲ್ಲ.