ಆರ್‌ವಿಯಲ್ಲಿ ಹೊರಟರೆ, ಬಟ್ಟೆ ಒಗೆಯುವ ಕೆಲಸವನ್ನು ಸಣ್ಣ ಊರಿಗೆ ಉಳಿಸಿಕೊಳ್ಳಿ

ಅಮೆರಿಕದಲ್ಲಿ ಆರ್‌ವಿ, ಅಂದರೆ ಹಾಸಿಗೆ, ಅಡುಗೆಮನೆ ಎಲ್ಲ ಒಳಗೇ ಇರುವ ಗಾಡಿ, ಬಾಡಿಗೆಗೆ ಹಿಡಿದು ಹೊರಡುವ ನಮ್ಮವರು ಹೆಚ್ಚಾಗಿ ಒಂದು ನ್ಯಾಷನಲ್ ಪಾರ್ಕ್‌ನಿಂದ ಇನ್ನೊಂದಕ್ಕೆ ಇಂಟರ್‌ಸ್ಟೇಟ್ ಎಂಬ ದೊಡ್ಡ ಹೆದ್ದಾರಿಯಲ್ಲೇ ಓಡಿಸಿಬಿಡುತ್ತಾರೆ. ನಡುವಿನ ಊರುಗಳು ಪೆಟ್ರೋಲ್ ಹಾಕಿಸೋಕೆ ಮಾತ್ರ. ನನಗೆ ಆ ನಡುವಿನ ಊರುಗಳೇ ಜಾಸ್ತಿ ಇಷ್ಟ. ಸಾವಿರವೋ ಎರಡು ಸಾವಿರವೋ ಜನ ಇರುವ ಊರುಗಳು. ಅಲ್ಲಿನವರು ಮಾತಾಡಿಸುತ್ತಾರೆ. ಆದರೆ ಮಾತಿಗೆ ಒಂದು ನೆಪ ಬೇಕಲ್ವಾ? ರಸ್ತೆಯಲ್ಲಿ ನಿಂತು ನಾಲ್ಕು ಫೋಟೊ ತೆಗೆದು ಹೊರಟವರ ಹತ್ತಿರ ಯಾರು ಏನು ಮಾತಾಡುತ್ತಾರೆ? ಅದಕ್ಕೇ ನಾನು, ನಮ್ಮ ಯಜಮಾನರು ಗಾಡಿಯ ಕೆಲಸ, ಮನೆಗೆಲಸ ಎರಡನ್ನೂ ಸಣ್ಣ ಊರಿಗೇ ಉಳಿಸಿಕೊಳ್ಳುತ್ತೇವೆ. ಬಟ್ಟೆ ಒಗೆಯುವುದು, ಒಲೆಗೆ ಪ್ರೊಪೇನ್ ಗ್ಯಾಸ್ ತುಂಬಿಸುವುದು, ಕೂದಲು ಕತ್ತರಿಸಿಕೊಳ್ಳುವುದು, ಅಂಚೆ ತರುವುದು ಎಲ್ಲ ಅಲ್ಲೇ.

ಊರು ಹುಡುಕುವುದು ಕಷ್ಟವಲ್ಲ. ಮ್ಯಾಪ್‌ನಲ್ಲಿ ಇಂಟರ್‌ಸ್ಟೇಟ್‌ಗೆ ಸಮಾನಾಂತರವಾಗಿ ಸಾಗುವ ಹಳೆಯ ಹೆದ್ದಾರಿ ನೋಡಿ. 1956ರ ಹೆದ್ದಾರಿ ಕಾನೂನಿನ ನಂತರ ಇಂಟರ್‌ಸ್ಟೇಟ್‌ಗಳು ಬಂದವು, ಊರೊಳಗೆ ಹಾದುಹೋಗುತ್ತಿದ್ದ ವಾಹನಗಳೆಲ್ಲ ಹೊರಗಿಂದಲೇ ಹೋದವು. ಅರಿಜೋನಾದ ಸೆಲಿಗ್ಮನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ರೂಟ್ 66 ಎಂಬ ಹಳೆಯ ಹೆದ್ದಾರಿಯ ಮೇಲಿನ ಊರು. 1978ರಲ್ಲಿ ಹೊಸ ಹೆದ್ದಾರಿ ಊರನ್ನು ಬಿಟ್ಟು ಹೊರಗಿಂದ ಹೋಯಿತು, ವ್ಯಾಪಾರ ಬಿತ್ತು. ಅಲ್ಲಿನ ಕ್ಷೌರಿಕ ಏಂಜಲ್ ಡೆಲ್ಗಡಿಯೊ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಜನರನ್ನು ಸೇರಿಸಿ ಸಂಘ ಕಟ್ಟಿದರು, ಹಳೆಯ ರಸ್ತೆಯನ್ನು ಉಳಿಸಿಕೊಂಡರು. ಇಂಥ ಊರುಗಳಲ್ಲಿ ಹೊರಗಿನವರು ಬಂದರೆ ಮನಸಾರೆ ಸಂತೋಷಪಡುತ್ತಾರೆ.

ಒಳಗೆ ಹೋಗುವ ಮೊದಲು ನಿಮ್ಮ ಗಾಡಿಯ ಅಳತೆ ಗೊತ್ತಿರಲಿ. ಮೇಲಿನ ಎಸಿ ಸೇರಿಸಿ ಎತ್ತರ ಎಷ್ಟು ಅಂತ ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ. ಹಳೆಯ ಊರುಗಳ ರೈಲ್ವೆ ಸೇತುವೆಗಳು ತಗ್ಗು ಇರುತ್ತವೆ, ಆ ಹೊತ್ತಿಗೆ ನೆನಪು ಮಾಡಿಕೊಳ್ಳುತ್ತಾ ಕೂರಲು ಆಗಲ್ಲ. ಮೇನ್ ಸ್ಟ್ರೀಟ್‌ನಲ್ಲಿ ಓರೆಯಾಗಿ ಕಾರು ನಿಲ್ಲಿಸುವ ಜಾಗ ಇದೆಯಲ್ಲ, ಅದರ ಆಸೆ ಬಿಡಿ. ನಮ್ಮದು 25 ಅಡಿಯ ಗಾಡಿ, ಅಲ್ಲಿ ನಿಲ್ಲಿಸಿದರೆ ಹಿಂಭಾಗ ಅರ್ಧ ರಸ್ತೆ ತಿನ್ನುತ್ತದೆ. ಊರಂಚಿನಲ್ಲಿ, ಎರಡು ಬೀದಿ ಆಚೆ ನಿಲ್ಲಿಸಿ ನಡೆದು ಬನ್ನಿ. ಅರಿಜೋನಾದ್ದೇ ಬಿಸ್ಬಿಯಲ್ಲಂತೂ ಬೀದಿಗಳು ಕಡಿದಾಗಿವೆ, ಇಕ್ಕಟ್ಟಾಗಿವೆ. ತಾಮ್ರದ ಗಣಿ ಇದ್ದ ಬೆಟ್ಟದ ಊರು ಅದು. ಅಲ್ಲಿ ಗಣಿಯ ದೊಡ್ಡ ಗುಂಡಿಯ ಅಂಚಿನಲ್ಲೇ ಆರ್‌ವಿ ಪಾರ್ಕ್ ಇದೆ. ಗಾಡಿ ಅಲ್ಲಿ ಬಿಟ್ಟು ಹಳೆಯ ಊರಿಗೆ ನಡೆದೇ ಹೋಗಬಹುದು.

ರಾತ್ರಿ ಉಳಿಯಲು ಕ್ಯಾನ್ಸಸ್, ನೆಬ್ರಾಸ್ಕ, ಸೌತ್ ಡಕೋಟದ ಕಡೆ ನನ್ನ ಮೊದಲ ಆಯ್ಕೆ ಊರಿನ ಪಾರ್ಕ್. ಎಷ್ಟೋ ಊರುಗಳು ತಮ್ಮ ಸಿಟಿ ಪಾರ್ಕ್‌ನಲ್ಲೇ ಕರೆಂಟ್, ನೀರು ಕೊಟ್ಟು ನಾಲ್ಕಾರು ಆರ್‌ವಿಗಳಿಗೆ ಜಾಗ ಮಾಡಿರುತ್ತವೆ. ಕವರ್‌ನಲ್ಲಿ ದುಡ್ಡಿಟ್ಟು ಅಲ್ಲಿರುವ ಡಬ್ಬಿಗೆ ಹಾಕಿದರೆ ಆಯಿತು. ಜಾತ್ರೆ ಇಲ್ಲದ ದಿನಗಳಲ್ಲಿ ಕೌಂಟಿ ಫೇರ್‌ಗ್ರೌಂಡ್, ಅಂದರೆ ಜಾತ್ರೆ ಮೈದಾನ ಕೂಡ ಸಿಗುತ್ತದೆ. ಬೇರೆ ಎಲ್ಲಿ ನಿಲ್ಲಿಸುವುದಾದರೂ ಊರಿನ ಆಡಳಿತ ಕಚೇರಿಯಾದ ಸಿಟಿ ಹಾಲ್‌ಗೆ ಒಂದು ಫೋನ್ ಮಾಡಿ ಕೇಳಿ. ಕೇಳಿದವರನ್ನು ಅವರೇ ಇನ್ನೂ ಒಳ್ಳೆಯ ಜಾಗಕ್ಕೆ ಕಳಿಸುತ್ತಾರೆ. ಇನ್ನೊಂದು ವಿಷಯ, ಪಾರ್ಕ್ ಪಕ್ಕ ರೈಲ್ವೆ ಗೇಟ್ ಇದೆಯಾ ಅಂತ ಮ್ಯಾಪ್‌ನಲ್ಲಿ ನೋಡಿಕೊಳ್ಳಿ. ಗೇಟ್ ಹತ್ತಿರ ರೈಲು ಎರಡು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ ಸೀಟಿ ಹಾಕಬೇಕು ಅಂತ ಸಾಮಾನ್ಯ ನಿಯಮ. ಗೂಡ್ಸ್ ರೈಲು ನಡುರಾತ್ರಿಯಲ್ಲೂ ಬರುತ್ತದೆ.

ಮಧ್ಯಾಹ್ನ ಮೂರರೊಳಗೆ ಊರು ಸೇರಿ, ಎರಡು ರಾತ್ರಿ ಇರಿ. ಮೊದಲ ದಿನ ನೀವು ದಾರಿಹೋಕರು. ಎರಡನೇ ಬೆಳಿಗ್ಗೆ ಅದೇ ಕೆಫೆಗೆ ಹೋದರೆ ನಿನ್ನೆ ಬಂದಿದ್ದವರು.

ಈಗ ಲಾಂಡ್ರೊಮ್ಯಾಟ್, ಅಂದರೆ ನಾಣ್ಯ ಹಾಕಿ ನಾವೇ ಬಟ್ಟೆ ಒಗೆದುಕೊಳ್ಳುವ ಅಂಗಡಿ. ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕ್ವಾರ್ಟರ್, ಅಂದರೆ 25 ಸೆಂಟ್ ನಾಣ್ಯಗಳನ್ನು ಒಂದು ಡಬ್ಬಿ ತುಂಬ ಕೂಡಿಟ್ಟುಕೊಳ್ಳಿ, ಕಾರ್ಡ್ ನಡೆಯದ ಯಂತ್ರಗಳು ಇನ್ನೂ ಇವೆ. ಬಟ್ಟೆ ಹಾಕಿದ ಮೇಲೆ ಗಾಡಿಗೆ ವಾಪಸ್ ಹೋಗಬೇಡಿ, ಅಲ್ಲೇ ಕೂರಿ. ಫೋನ್ ಚೀಲದಲ್ಲಿರಲಿ. ನೆಬ್ರಾಸ್ಕದ ಒಂದು ಊರಿನಲ್ಲಿ ನಾನು ಒದ್ದೆ ಬಟ್ಟೆ ಹಿಡಿದು ಡ್ರೈಯರ್ ಬಾಗಿಲು ತೆಗೆಯುತ್ತಿದ್ದೆ. ಪಕ್ಕದಲ್ಲಿ ದುಪ್ಪಟಿ ಮಡಚುತ್ತಿದ್ದ ವಯಸ್ಸಾದ ಹೆಂಗಸು, "ಅದು ಬೇಡಮ್ಮ, ಬಿಸಿಯೇ ಆಗಲ್ಲ, ಆ ಕೊನೇದಕ್ಕೆ ಹಾಕು" ಅಂದರು. ದುಪ್ಪಟಿಯ ಇನ್ನೊಂದು ತುದಿ ನಾನು ಹಿಡಿದುಕೊಂಡೆ. ಮಡಚಿ ಮುಗಿಯುವಷ್ಟರಲ್ಲಿ ಶನಿವಾರ ಅಗ್ನಿಶಾಮಕ ದಳದವರ ಪ್ಯಾನ್‌ಕೇಕ್ ತಿಂಡಿ ಇದೆ ಅಂತಲೂ, ಹೊಳೆ ನೋಡಲು ಯಾವ ಮಣ್ಣುರಸ್ತೆ ಹಿಡಿಯಬೇಕು ಅಂತಲೂ, ಮಳೆ ಬಿದ್ದಿದ್ದರೆ ಆ ರಸ್ತೆಗೆ ನಮ್ಮ ಗಾಡಿ ಇಳಿಸಲೇಬಾರದು ಅಂತಲೂ ತಿಳಿಯಿತು. ಆ ಕೊನೆಯ ಮಾತನ್ನು ಯಾವ ಆ್ಯಪ್ ಹೇಳುತ್ತದೆ?

ಪೋಸ್ಟ್ ಆಫೀಸ್ ಕೂಡ ಹಾಗೆಯೇ. ಮನೆ ವಿಳಾಸ ಇಲ್ಲದ ಪ್ರಯಾಣಿಕರಿಗೆ ಜನರಲ್ ಡೆಲಿವರಿ ಅಂತ ಸೌಲಭ್ಯ ಇದೆ. ನಿಮ್ಮ ಹೆಸರು, ಜನರಲ್ ಡೆಲಿವರಿ, ಊರು, ರಾಜ್ಯ, ಜಿಪ್ ಕೋಡ್ ಬರೆದು ಕಳಿಸಲು ಮನೆಯವರಿಗೆ ಹೇಳಿ. ಸಾಮಾನ್ಯವಾಗಿ 30 ದಿನದವರೆಗೆ ಇಟ್ಟುಕೊಂಡಿರುತ್ತಾರೆ. ಗುರುತಿನ ಚೀಟಿ ತೋರಿಸಿ ತೆಗೆದುಕೊಳ್ಳಬಹುದು. ಸಣ್ಣ ಅಂಚೆ ಕಚೇರಿಗಳು ಮಧ್ಯಾಹ್ನ ಮುಚ್ಚುವುದುಂಟು, ಮೊದಲೇ ಫೋನ್ ಮಾಡಿ ಸಮಯ ಕೇಳಿ.

ಲೈಬ್ರರಿಯನ್ನು ಬಿಡಬೇಡಿ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕೊಟ್ಟ ಹಣದಿಂದ ಅಮೆರಿಕದಲ್ಲಿ 1,600ಕ್ಕೂ ಹೆಚ್ಚು ಲೈಬ್ರರಿಗಳು ಎದ್ದವು, ಅವುಗಳಲ್ಲಿ ಎಷ್ಟೋ ಇಂಥ ಊರುಗಳಲ್ಲೇ ಇವೆ. ವೈಫೈ ಸಿಗುತ್ತದೆ, ಅದು ಸರಿ. ಆದರೆ ಊರಿನ ಹಳೆಯ ಪತ್ರಿಕೆಗಳ ಕಟ್ಟು ಇದೆಯಾ ಅಂತ ಕೇಳಿ ನೋಡಿ. ಲೈಬ್ರೇರಿಯನ್ ಮುಖ ಅರಳುತ್ತದೆ.

ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಸೋಮವಾರ ಮ್ಯೂಸಿಯಂಗಳು. ಹಾಗಾಗಿ ವಾರದ ನಡುವೆ ಹೋಗಿ, ಇಲ್ಲವೇ ಶುಕ್ರವಾರ ಸೇರಿಕೊಳ್ಳಿ. ಶರತ್ಕಾಲದ ಶುಕ್ರವಾರ ಸಂಜೆ ಹೈಸ್ಕೂಲ್ ಫುಟ್‌ಬಾಲ್ ಪಂದ್ಯಕ್ಕೆ ಊರಿಗೆ ಊರೇ ಬಂದಿರುತ್ತದೆ. ಟಿಕೆಟ್ ತೆಗೆದುಕೊಂಡು ಊರಿನವರ ಕಡೆ ಕೂತು ಅವರ ಹುಡುಗರಿಗೇ ಚಪ್ಪಾಳೆ ಹೊಡೆಯಿರಿ.

ನಡವಳಿಕೆ ವಿಷಯದಲ್ಲಿ ನಾನು ಗಟ್ಟಿ. ರಾತ್ರಿ ಹತ್ತರ ನಂತರ ಜನರೇಟರ್ ಬೇಡ. ಪಾತ್ರೆ ತೊಳೆದ ನೀರು ತಾನೇ ಅಂತ ಗ್ರೇ ಟ್ಯಾಂಕ್, ಅಂದರೆ ಸಿಂಕ್, ಸ್ನಾನದ ಕೊಳೆನೀರು ಸೇರುವ ಟ್ಯಾಂಕ್‌ನ ನೀರನ್ನು ಹುಲ್ಲಿಗೆ ಬಿಡಬೇಡಿ. ಒಬ್ಬರು ಹಾಗೆ ಮಾಡಿದರೂ ಸಾಕು, ಪಾರ್ಕ್‌ನಲ್ಲಿ ಆರ್‌ವಿಗೆ ಪ್ರವೇಶವಿಲ್ಲ ಅಂತ ಬೋರ್ಡ್ ಬೀಳುತ್ತದೆ, ಮುಂದೆ ಬರುವವರಿಗೆಲ್ಲ ಅದೇ ಉತ್ತರ. ಟ್ಯಾಂಕ್‌ನ ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್ ಎಲ್ಲಿದೆ ಅಂತ ಸಿಟಿ ಹಾಲ್‌ನಲ್ಲಿ ಅಥವಾ ಪೆಟ್ರೋಲ್ ಬಂಕ್‌ನಲ್ಲಿ ವಿಚಾರಿಸಿ. ಹೊರಡುವ ಬೆಳಿಗ್ಗೆ ಟ್ಯಾಂಕ್ ಖಾಲಿ ಮಾಡಿ, ಆ ಜಾಗವನ್ನು ನೀರು ಹಾಕಿ ತೊಳೆದು, ಇಂಟರ್‌ಸ್ಟೇಟ್‌ನಲ್ಲಿ ಬೆಲೆ ಸ್ವಲ್ಪ ಕಡಿಮೆ ಇದ್ದರೂ ಪೆಟ್ರೋಲ್ ಊರಲ್ಲೇ ತುಂಬಿಸಿಕೊಳ್ಳಿ.